ಬಂದ ದಾರಿಗೂ ಸುಂಕ

ಲಂಡನ್ನಿನ ಟ್ಯೂಬ್ ರೈಲಿನ ನಕ್ಷೆಯನ್ನು ಹರಡಿಕೊಂಡು ಎಡಗಡೆಯ ಮೇಲ್ಮೂಲೆಗೆ ಕಣ್ಣು ಹಾಯಿಸಿದರೆ ಚೆಶಮ್ ಎಂಬ ಹೆಸರು ಸಿಗುತ್ತದೆ. ನಗರದ ನಡುಭಾಗದಿಂದ ಸುಮಾರು 40 ಕಿಲೊಮೀಟರ್ ದೂರದ ಊರು. ನಿಲ್ದಾಣದಲ್ಲಿ ಇರುವುದು ಒಂದೇ ಪ್ಲಾಟ್‌ಫಾರ್ಮ್. ಪಕ್ಕದಲ್ಲಿ ಉಗಿಬಂಡಿಗಳ ಕಾಲದ ನೀರಿನ ತೊಟ್ಟಿ ಇದೆ, ಹಳೆಯ ಸಿಗ್ನಲ್ ಕೋಣೆ ಇದೆ. 1889ರಲ್ಲಿ ಇಲ್ಲಿಗೆ ಬಂದ ಒಂಟಿ ಹಳಿ ಇಲ್ಲಿಗೇ ಮುಗಿಯುತ್ತದೆ. ಇದರ ಹಿಂದಿನ ನಿಲ್ದಾಣ ಚಾಲ್ಫಂಟ್ ಅಂಡ್ ಲ್ಯಾಟಿಮರ್. ಎರಡರ ನಡುವೆ 6 ಕಿಲೊಮೀಟರಿಗೂ ಹೆಚ್ಚು ದೂರ. ಇಡೀ ಜಾಲದಲ್ಲಿ ಅಕ್ಕಪಕ್ಕದ ಯಾವ ಎರಡು ನಿಲ್ದಾಣಗಳ ನಡುವೆಯೂ ಇಷ್ಟು ಅಂತರವಿಲ್ಲ. ಊರಿನ ನಡುವೆ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಇರುವುದು 260 ಮೀಟರ್ ಮಾತ್ರ, ಅಲ್ಲಿ ಎರಡು ಮೂರು ನಿಮಿಷಕ್ಕೊಂದು ರೈಲು. ಚೆಶಮ್‌ಗೆ ಅರ್ಧ ಗಂಟೆಗೊಂದು. ಒಂದು ತಪ್ಪಿದರೆ ಆ ಒಂದೇ ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ಗಂಟೆ ಕಾಯಬೇಕು.

ಇಂಥ ಮೂಲೆಗೆ ಊರಿನವರಲ್ಲದ ಒಂದು ಬಗೆಯ ಪ್ರಯಾಣಿಕರು ವರ್ಷಗಳಿಂದ ತಪ್ಪದೆ ಬರುತ್ತಿದ್ದಾರೆ. ಜಾಲದ ಎಲ್ಲ ನಿಲ್ದಾಣಗಳನ್ನೂ ಒಂದೇ ದಿನದಲ್ಲಿ ಮುಟ್ಟಿಬರಲು ಹೊರಟವರು ಇವರು. ಲಂಡನ್ನಿನಲ್ಲಿ ಇದಕ್ಕೆ ‘ಟ್ಯೂಬ್ ಚಾಲೆಂಜ್’ ಎಂದು ಹೆಸರು. ಗಿನ್ನೆಸ್ ದಾಖಲೆಯಲ್ಲಿ ಇದಕ್ಕೆ ಜಾಗವಿದೆ, ನಿಯಮಗಳೂ ಇವೆ. ತಾವು ಕುಳಿತ ರೈಲು ಪ್ರತಿ ನಿಲ್ದಾಣದಲ್ಲೂ ನಿಲ್ಲಬೇಕು, ಆದರೆ ಇಳಿಯಲೇಬೇಕೆಂದಿಲ್ಲ. ಪ್ರತಿ ಹಳಿಯ ಮೇಲೂ ಹೋಗಬೇಕೆಂದಿಲ್ಲ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನಡೆಯಬಹುದು, ಓಡಬಹುದು, ಎಲ್ಲರೂ ಹತ್ತುವ ಬಸ್ಸನ್ನು ಹತ್ತಬಹುದು. ಟ್ಯಾಕ್ಸಿ, ಸ್ವಂತ ಕಾರು, ಸೈಕಲ್ ಕೂಡದು. ಹೋದಲ್ಲೆಲ್ಲ ಸಮಯ ಬರೆದುಕೊಳ್ಳಬೇಕು, ಸಾಕ್ಷಿ ಇಟ್ಟುಕೊಳ್ಳಬೇಕು. 1959ರಷ್ಟು ಹಿಂದೆಯೇ 18 ಗಂಟೆ 35 ನಿಮಿಷದ ಒಂದು ಸುತ್ತು ದಾಖಲಾಗಿದೆ. 2015ರಲ್ಲಿ ಆಂಡಿ ಜೇಮ್ಸ್ ಮತ್ತು ಸ್ಟೀವ್ ವಿಲ್ಸನ್ ಆಗ ಇದ್ದ 270 ನಿಲ್ದಾಣಗಳನ್ನು 15 ಗಂಟೆ 45 ನಿಮಿಷ 38 ಸೆಕೆಂಡುಗಳಲ್ಲಿ ಮುಗಿಸಿದರು. 2021ರ ಸೆಪ್ಟೆಂಬರ್ 20ರಂದು ನೈನ್ ಎಲ್ಮ್ಸ್ ಮತ್ತು ಬ್ಯಾಟರ್ಸಿ ಪವರ್ ಸ್ಟೇಷನ್ ತೆರೆದು ಎಣಿಕೆ 272ಕ್ಕೆ ಏರಿತು. ಜಾಲಕ್ಕೆ ಒಂದು ನಿಲ್ದಾಣ ಸೇರಿದರೂ ಹಳೆಯ ಸಮಯವನ್ನು ಹೊಸದರ ಜೊತೆ ತೂಗಲಾಗುವುದಿಲ್ಲ. ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ಇದನ್ನು ಹೊತ್ತು ಹೋಗದವರ ಹವ್ಯಾಸ ಎಂದು ಬದಿಗಿಡುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದು ನಗರದ ರೈಲು ಜಾಲ ತನ್ನ ತುದಿಯ ಜನರನ್ನು ಹೇಗೆ ನೋಡಿಕೊಳ್ಳುತ್ತಿದೆ ಎಂಬುದನ್ನು ಈ ಒಂದು ದಿನದ ಸುತ್ತಾಟ ತೋರಿಸುವಷ್ಟು ಸ್ಪಷ್ಟವಾಗಿ ಇನ್ನಾವ ಅಂಕಿಅಂಶವೂ ತೋರಿಸುವುದಿಲ್ಲ. ದಾಖಲೆಯ ಸಮಯದಲ್ಲಿ ಓಡಿದವರ ಕಾಲಿನ ಬಲಕ್ಕೆ ಸಲ್ಲುವುದು ಸ್ವಲ್ಪವೇ. ಉಳಿದದ್ದೆಲ್ಲ ಹಳಿಗಳ ಆಕಾರಕ್ಕೂ ವೇಳಾಪಟ್ಟಿಗೂ ಸೇರಿದ್ದು.

ಏಕೆ ಎಂಬುದು ಒಂದು ಇರುವೆಯನ್ನು ಗಮನಿಸಿದರೆ ತಿಳಿಯುತ್ತದೆ. ಅದು ಒಂದು ಮರದ ಎಲ್ಲ ಕೊಂಬೆಗಳ ತುದಿಯನ್ನೂ ಮುಟ್ಟಬೇಕು ಎಂದಿಟ್ಟುಕೊಳ್ಳಿ. ಕೊಂಬೆಯಿಂದ ಕೊಂಬೆಗೆ ಹಾರಲು ಅದಕ್ಕೆ ಬರುವುದಿಲ್ಲ. ಆದ್ದರಿಂದ ಪ್ರತಿ ಕೊಂಬೆಯನ್ನೂ ಹತ್ತಬೇಕು, ಅದೇ ದಾರಿಯಲ್ಲಿ ಇಳಿಯಬೇಕು. ಹೊರಡುವ ಜಾಗವನ್ನು ಒಂದು ತುದಿಯಲ್ಲಿ, ಮುಗಿಸುವ ಜಾಗವನ್ನು ಇನ್ನೊಂದು ತುದಿಯಲ್ಲಿ ಇಟ್ಟುಕೊಂಡರೆ ಆ ಎರಡರ ನಡುವಿನ ದಾರಿ ಮಾತ್ರ ಒಂದೇ ಸಲಕ್ಕೆ ಮುಗಿಯುತ್ತದೆ. ಉಳಿದದ್ದೆಲ್ಲ ಎರಡು ಸಲ. ಬಂದ ದಾರಿಗೆ ಸುಂಕವಿಲ್ಲ ಎನ್ನುತ್ತೇವಲ್ಲ, ಇಲ್ಲಿ ಸುಂಕ ಬೀಳುವುದೇ ಬಂದ ದಾರಿಗೆ. ಎಷ್ಟೋ ಪ್ರಯತ್ನಗಳು ಚೆಶಮ್‌ನಲ್ಲಿ ಶುರುವಾಗಿ ಹೀಥ್ರೂ ವಿಮಾನ ನಿಲ್ದಾಣದ ಕಡೆ ಮುಗಿಯುವುದಕ್ಕೆ ಕಾರಣ ಇದು. ಅತಿ ದುಬಾರಿಯಾದ ಎರಡು ತುದಿಗಳನ್ನು ಆರಂಭಕ್ಕೂ ಕೊನೆಗೂ ಹಚ್ಚಿದರೆ ಅಲ್ಲಿಗೆ ಮರಳಿ ಹೋಗುವ ಸಮಯ ಉಳಿಯುತ್ತದೆ.

ಆದರೆ ಲಂಡನ್ ಬರೀ ಮರವಲ್ಲ, ನಡುವೆ ಬಲೆಯೂ ಇದೆ. 11 ಮಾರ್ಗಗಳು ಊರಿನ ನಡುವೆ ಹತ್ತಾರು ಕಡೆ ಒಂದನ್ನೊಂದು ಕತ್ತರಿಸುತ್ತವೆ. ಹೀಗಾಗಿ ಯಾವುದರ ನಂತರ ಯಾವುದು ಎಂಬ ಆಯ್ಕೆಗಳು ಲೆಕ್ಕಕ್ಕೆ ಸಿಗದಷ್ಟು ಬೆಳೆಯುತ್ತವೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಗಣಿತಜ್ಞ ಆಯ್ಲರ್ 1736ರಲ್ಲಿ ಉತ್ತರ ಕೊಟ್ಟಿದ್ದ. ಅದು ದಾರಿಗಳನ್ನು ಮುಗಿಸುವ ಪ್ರಶ್ನೆ, ಅದಕ್ಕೆ ಸುಲಭ ಸೂತ್ರವಿದೆ. ಇದು ಜಾಗಗಳನ್ನು ಮುಟ್ಟುವ ಪ್ರಶ್ನೆ. ದೊಡ್ಡ ಜಾಲದಲ್ಲಿ ಅತಿ ಕಡಿಮೆಯ ಸುತ್ತನ್ನು ಖಚಿತವಾಗಿ, ಬೇಗನೆ ಹುಡುಕಿಕೊಡುವ ಸೂತ್ರ ಯಾರ ಬಳಿಯೂ ಇಲ್ಲ. ನ್ಯೂಯಾರ್ಕ್ ಸಬ್‌ವೇಯ ಮೇಲೆ ಇದೇ ಸಾಹಸ ಮಾಡಲು 1967ರಲ್ಲಿ ಎಂಐಟಿಯ ಪೀಟರ್ ಸ್ಯಾಮ್ಸನ್ ಮತ್ತು ಗೆಳೆಯರು ಪಿಡಿಪಿ-6 ಎಂಬ ಕಂಪ್ಯೂಟರನ್ನೇ ಬಳಸಿಕೊಂಡರು. ಅಲ್ಲಿ ರೈಲು ಹಗಲಿರುಳೂ ಓಡುತ್ತದೆ, ದಿನ ದಾಟಿದರೂ ಸುತ್ತು ಮುಂದುವರಿಯಬಹುದು. ಲಂಡನ್ನಿನಲ್ಲಿ ವಾರದ ದಿನಗಳಲ್ಲಿ ಬೆಳಗಿನ ಐದರ ಸುಮಾರಿಗೆ ಶುರುವಾಗುವ ಓಡಾಟ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಅಷ್ಟರೊಳಗೆ ಮುಗಿಯಲೇಬೇಕು.

ನಕ್ಷೆಯಿಂದ ವೇಳಾಪಟ್ಟಿಗೆ ಬಂದಾಗ ನಿಜವಾದ ಪಾಠ ಶುರುವಾಗುತ್ತದೆ. ಕೆನ್ಸಿಂಗ್‌ಟನ್ ಒಲಿಂಪಿಯಾ ಎಂಬ ನಿಲ್ದಾಣ ನಗರದ ಒಳಗೇ ಇದೆ. ಆದರೆ 2011ರ ಕೊನೆಯಿಂದ ವಾರದ ದಿನಗಳಲ್ಲಿ ಅಲ್ಲಿಗೆ ಡಿಸ್ಟ್ರಿಕ್ಟ್ ಮಾರ್ಗದ ರೈಲು ಬರುವುದು ನಸುಕಿನಲ್ಲಿ ಮತ್ತು ರಾತ್ರಿ, ಬೆರಳೆಣಿಕೆಯಷ್ಟು ಸಲ ಮಾತ್ರ. ಹೀಥ್ರೂವಿನ 4ನೇ ಟರ್ಮಿನಲ್ ಇರುವುದು ಒಂದೇ ದಿಕ್ಕಿನಲ್ಲಿ ಸುತ್ತುವ ಹಳಿಯ ಮೇಲೆ. ಅಲ್ಲಿಗೆ ಹೋಗುವ ರೈಲು 5ನೇ ಟರ್ಮಿನಲ್‌ಗೆ ಹೋಗುವುದಿಲ್ಲ, ಆದ್ದರಿಂದ ಎರಡಕ್ಕೂ ಬೇರೆ ಬೇರೆ ರೈಲು ಹಿಡಿಯಬೇಕು. ಮಿಲ್ ಹಿಲ್ ಈಸ್ಟ್ ಒಂಟಿ ಹಳಿಯ ಒಂದು ಚಿಕ್ಕ ಕವಲು. ಇಡೀ ಕವಲಿನಲ್ಲಿ ಇರುವುದು ಆ ಒಂದೇ ನಿಲ್ದಾಣ. ರೋಡಿಂಗ್ ವ್ಯಾಲಿ ಜಾಲದ ಅತಿ ಕಡಿಮೆ ಜನ ಹತ್ತಿಳಿಯುವ ನಿಲ್ದಾಣಗಳ ಸಾಲಿನಲ್ಲಿ ಮೊದಲು ಬರುವ ಹೆಸರು, ಅಲ್ಲಿಗೆ ಇಪ್ಪತ್ತು ನಿಮಿಷಕ್ಕೊಂದು ರೈಲು. ಊರ ನಡುವೆ ರೈಲು ತಪ್ಪಿದರೆ ಹೋಗುವುದು ಎರಡು ನಿಮಿಷ. ಇಂಥ ಕಡೆ ತಪ್ಪಿದರೆ ಮುಂದೆ ಜೋಡಿಸಿಟ್ಟುಕೊಂಡ ಇಡೀ ಸರಪಳಿಯೇ ಕಳಚಿಕೊಳ್ಳುತ್ತದೆ. ಹದಿನಾರು ಗಂಟೆಯ ಸುತ್ತಿನ ಯೋಜನೆಯನ್ನು ತೀರ್ಮಾನಿಸುವುದು ಊರ ನಡುವಿನ ಕಿಂಗ್ಸ್ ಕ್ರಾಸ್ ಅಲ್ಲ, ಯಾರೂ ಹೆಸರು ಕೇಳಿರದ ಈ ನಾಲ್ಕಾರು ನಿಲ್ದಾಣಗಳು.

ಎಲ್ಲ ನಿಲ್ದಾಣಕ್ಕೂ ಇಲ್ಲಿ ಒಂದೇ ಬೆಲೆ. ನಾವು ಸಾಮಾನ್ಯವಾಗಿ ನಿಲ್ದಾಣವನ್ನು ಅಳೆಯುವುದು ಜನರ ತಲೆ ಎಣಿಸಿ. ಕಿಂಗ್ಸ್ ಕ್ರಾಸ್‌ನಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಜನ ಹತ್ತಿಳಿಯುತ್ತಾರೆ, ರೋಡಿಂಗ್ ವ್ಯಾಲಿಯಲ್ಲಿ ಕೆಲವು ಲಕ್ಷ. ಆ ಲೆಕ್ಕದಲ್ಲಿ ಎರಡನೆಯದು ಇದ್ದೂ ಇಲ್ಲದಂತೆ. ಸರಾಸರಿ ಕಾಯುವ ಸಮಯ ಎಂದು ಯಾರಾದರೂ ಹೇಳಿದರೆ ಅದರೊಳಗೆ ಚೆಶಮ್‌ನ ಅರ್ಧ ಗಂಟೆ ಕರಗಿಹೋಗಿರುತ್ತದೆ, ಏಕೆಂದರೆ ಸರಾಸರಿಯನ್ನು ಕಟ್ಟುವವರು ಊರ ನಡುವಿನ ಲಕ್ಷಾಂತರ ಮಂದಿ. ಒಂದು ದಿನದ ಸುತ್ತಿಗೆ ಹೊರಟವನಿಗೆ ಆ ಕರಗುವಿಕೆ ಇಲ್ಲ. ಚೆಶಮ್ ಬಿಟ್ಟರೂ ಸುತ್ತು ಪೂರ್ತಿಯಾಗುವುದಿಲ್ಲ, ಆಕ್ಸ್‌ಫರ್ಡ್ ಸರ್ಕಸ್ ಬಿಟ್ಟರೂ ಪೂರ್ತಿಯಾಗುವುದಿಲ್ಲ. ಚೆಶಮ್‌ನ ನಿವಾಸಿ ವರ್ಷವಿಡೀ ಅನುಭವಿಸುವ ಕಾಯುವಿಕೆಯನ್ನು ಅವನು ಒಂದು ದಿನ ತನ್ನ ಗಡಿಯಾರದ ಮೇಲೆ ಹೊರಬೇಕು. ಹ್ಯಾರಿ ಬೆಕ್ ಎಂಬ ನಕ್ಷೆಗಾರ ಬರೆದು 1933ರಲ್ಲಿ ಜನರ ಕೈಗೆ ಬಂದ ಪ್ರಸಿದ್ಧ ನಕ್ಷೆ ದೂರಗಳನ್ನು ಕೈಬಿಟ್ಟು, ನಿಲ್ದಾಣಗಳನ್ನು ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಜೋಡಿಸಿತು. ನೋಡುವವರಿಗೆ ಅದು ದೊಡ್ಡ ಉಪಕಾರ. ಆದರೆ ಅದನ್ನು ನೋಡಿ ಬೆಳೆದ ಕಣ್ಣಿಗೆ 260 ಮೀಟರೂ 6 ಕಿಲೊಮೀಟರೂ ಒಂದೇ. ಗಡಿಯಾರ ಹಿಡಿದು ಹೊರಟವನು ಮಾತ್ರ ಆ ಅಂತರವನ್ನು ಮತ್ತೆ ಲೆಕ್ಕಕ್ಕೆ ತರುತ್ತಾನೆ.

ತುದಿಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ಉತ್ತರ ಲಂಡನ್ನಿನ ಹೈ ಬಾರ್ನೆಟ್ ಮತ್ತು ಕಾಕ್‌ಫಾಸ್ಟರ್ಸ್ ನೆರೆಹೊರೆಯ ಊರುಗಳು. ನಡುವೆ ಕೆಲವೇ ಕಿಲೊಮೀಟರ್, ಬಸ್ಸೂ ಇದೆ. ಆದರೆ ಒಂದು ನಾರ್ದರ್ನ್ ಮಾರ್ಗದ ತುದಿ, ಇನ್ನೊಂದು ಪಿಕಡಿಲ್ಲಿ ಮಾರ್ಗದ ತುದಿ. ಟ್ಯೂಬ್‌ನಲ್ಲೇ ಹೋಗುವುದಾದರೆ ಊರ ನಡುವಿನ ಕಿಂಗ್ಸ್ ಕ್ರಾಸ್‌ವರೆಗೆ ಇಳಿದು ಮತ್ತೆ ಅಷ್ಟೇ ದೂರ ಮೇಲೇರಬೇಕು. ಎಜ್‌ವೇರ್ ಮತ್ತು ಸ್ಟ್ಯಾನ್‌ಮೋರ್ ಕಥೆಯೂ ಹೀಗೆಯೇ. ದಾಖಲೆಗೆ ಹೊರಟವರು ಬಸ್ಸು ಹಿಡಿಯುವುದು, ಓಡುವುದು ಇಂಥ ಜೋಡಿ ತುದಿಗಳ ನಡುವೆ. ಹಳಿಗಳನ್ನು ಹಾಕಿದ್ದು ಹೊರವಲಯದ ಜನರನ್ನು ಬೆಳಿಗ್ಗೆ ಊರ ನಡುವಿನ ಕಚೇರಿಗೆ ತಂದು ಸಂಜೆ ಮನೆಗೆ ಬಿಡಲು. ಹೊರವಲಯದಿಂದ ಹೊರವಲಯಕ್ಕೆ ಹೋಗುವವರು ಆ ಯೋಚನೆಯಲ್ಲಿ ಇರಲೇ ಇಲ್ಲ. ಆಸ್ಪತ್ರೆಗೋ ಶಾಲೆಗೋ ಪಕ್ಕದ ಬಡಾವಣೆಯ ಕೆಲಸಕ್ಕೋ ಹೋಗುವ ಮನುಷ್ಯ ಈ ನಕ್ಷೆಯಲ್ಲಿ ಎಲ್ಲಿ ಬಿಟ್ಟುಹೋಗಿದ್ದಾನೆ ಎಂದು ತಿಳಿಯಬೇಕಾದರೆ, ದಾಖಲೆಗೆ ಹೊರಟವರು ರೈಲು ಬಿಟ್ಟು ಬೀದಿಗೆ ಇಳಿಯುವ ಜಾಗಗಳನ್ನು ಗುರುತು ಹಾಕಿದರೆ ಸಾಕು.

ಇದಕ್ಕೆ ಎದುರುವಾದಗಳಿವೆ. ಮೊದಲನೆಯದು, ತುದಿಗೆ ಹೋಗುವವರೇ ಕಡಿಮೆ ಎಂದಮೇಲೆ ಅಲ್ಲಿಗೆ ಕಡಿಮೆ ರೈಲು ಓಡಿಸುವುದು ನ್ಯಾಯವೇ ತಾನೆ ಎಂಬುದು. ಸಾರ್ವಜನಿಕ ಹಣ ಮಿತಿಯಾದದ್ದು, ಖಾಲಿ ಬೋಗಿಗಳನ್ನು ಓಡಿಸಲು ಯಾರೂ ಹೇಳಲಾರರು. ಎಲ್ಲ ನಿಲ್ದಾಣಕ್ಕೂ ಎರಡು ನಿಮಿಷಕ್ಕೊಂದು ರೈಲು ಬೇಕೆಂದು ನಾನೂ ಹೇಳುತ್ತಿಲ್ಲ. ಆದರೆ ತುದಿಯಲ್ಲಿ ಹತ್ತಿದವರು ತುದಿಯಲ್ಲೇ ಇಳಿಯುವುದಿಲ್ಲ. ಚೆಶಮ್‌ನಲ್ಲಿ ಹತ್ತಿದವರು ಬೇಕರ್ ಸ್ಟ್ರೀಟ್‌ನಲ್ಲಿ ಇಳಿದರೆ ಆ ನಡುವಿನ ನಿಲ್ದಾಣದ ಜನರ ಎಣಿಕೆಗೂ ಅವರು ಸೇರಿದಂತಾಯಿತು. ಕೊಂಬೆಯನ್ನು ಕಡಿದು, ಕಾಂಡ ಮಾತ್ರ ದಪ್ಪಗಿದೆ ಎಂದರೆ ಲೆಕ್ಕ ತಪ್ಪುತ್ತದೆ. ರೈಲು ಅಪರೂಪವಾದಷ್ಟೂ ಜನ ಕಾರು ಹತ್ತುತ್ತಾರೆ, ಜನ ಕಡಿಮೆಯಾದರೆಂದು ರೈಲು ಇನ್ನೂ ಕಡಿಮೆಯಾಗುತ್ತದೆ. ಸೆಂಟ್ರಲ್ ಮಾರ್ಗ ಒಂದು ಕಾಲದಲ್ಲಿ ಎಪ್ಪಿಂಗ್‌ನಿಂದಾಚೆ ಓಂಗಾರ್ ಎಂಬ ಊರಿನವರೆಗೂ ಹೋಗುತ್ತಿತ್ತು. ಜನ ಸಾಲದೆಂದು 1994ರ ಸೆಪ್ಟೆಂಬರ್ 30ರಂದು ಆ ತುಂಡನ್ನು ಮುಚ್ಚಿದರು. ಲಂಡನ್ ಅಂಡರ್‌ಗ್ರೌಂಡ್ ತನ್ನ ಹಳಿಗಳ ದೂರವನ್ನು ಸೊನ್ನೆಯಿಂದ ಎಣಿಸುವುದು ಇವತ್ತಿಗೂ ಆ ಓಂಗಾರ್‌ನಿಂದಲೇ. ಅಳತೆಯ ಮೊದಲ ಗೂಟ ಅಲ್ಲಿದೆ, ಟ್ಯೂಬ್ ರೈಲು ಮಾತ್ರ ಅಲ್ಲಿಗೆ ಹೋಗುವುದಿಲ್ಲ.

ಎರಡನೆಯ ಆಕ್ಷೇಪ, ರೈಲಿನೊಳಗೆ ಕೂತು ದಾಟಿಹೋದವನಿಗೆ ಊರು ಏನು ಕಂಡೀತು ಎಂಬುದು. ಇದರಲ್ಲಿ ಅರ್ಧ ನಿಜವಿದೆ. ಬಡಾವಣೆಯ ಬೀದಿ, ಅಂಗಡಿ, ಮಾತು ಯಾವುದೂ ಅವನಿಗೆ ಸಿಗುವುದಿಲ್ಲ, ಅದನ್ನು ಸಿಕ್ಕಿತೆಂದು ಹೇಳಿಕೊಂಡರೆ ಅದು ಸುಳ್ಳು. ಆದರೆ ಊರನ್ನು ನೋಡುವುದಕ್ಕೂ ಊರಿನ ಕೀಲುಗಳನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ಯಾವ ನಿಲ್ದಾಣದಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ನಾಲ್ಕು ಹೆಜ್ಜೆ ಇಟ್ಟರೆ ರೈಲು ಬದಲಾಗುತ್ತದೆ, ಯಾವುದರಲ್ಲಿ ಸುರಂಗದ ಉದ್ದಕ್ಕೂ ನಡೆದು ಮೆಟ್ಟಿಲು ಹತ್ತಿ ಇಳಿಯಬೇಕು ಎಂಬುದು ಕೈಗೋಲು ಹಿಡಿದ ಮುದುಕರಿಗೂ ಕೂಸನ್ನು ಎತ್ತಿಕೊಂಡ ತಾಯಿಗೂ ದಿನನಿತ್ಯದ ಪ್ರಶ್ನೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಿಳಿ ವೃತ್ತ. ಜಾಲದ ಬಹುತೇಕ ಕೀಲುಗಳನ್ನು ಒಂದೇ ದಿನ ಹಾದು ಬಂದವನಿಗೆ ಅವನ್ನು ಒಂದಕ್ಕೊಂದು ಹೋಲಿಸಲು ಸಾಧ್ಯವಾಗುತ್ತದೆ. ತನ್ನ ಮನೆಯಿಂದ ಕಚೇರಿಗೆ ಒಂದೇ ದಾರಿಯಲ್ಲಿ ಮೂವತ್ತು ವರ್ಷ ಓಡಾಡಿದವರಿಗೆ ಆ ಹೋಲಿಕೆ ಸಿಗುವುದಿಲ್ಲ.

ಮೂರನೆಯದು ಓಟದ ಮಾತು. ತುಂಬಿದ ಎಸ್ಕಲೇಟರಿನ ಮೇಲೆ ಗಡಿಯಾರ ನೋಡುತ್ತ ನುಗ್ಗುವವರಿಂದ ಬೇರೆಯವರಿಗೆ ತೊಂದರೆಯಾಗಬಹುದು ಎಂಬ ದೂರನ್ನು ನಾನು ಒಪ್ಪುತ್ತೇನೆ. ಅಲ್ಲಿ ಓಡುವುದು ತಪ್ಪು, ದಾಖಲೆಯ ನೆವ ಅದನ್ನು ಸರಿಮಾಡುವುದಿಲ್ಲ. ಆದರೆ ಎಲ್ಲ ನಿಲ್ದಾಣಗಳನ್ನು ಒಂದೇ ದಿನದಲ್ಲಿ ಮುಟ್ಟುವುದಕ್ಕೂ ಎಲ್ಲರಿಗಿಂತ ಬೇಗ ಮುಟ್ಟುವುದಕ್ಕೂ ಅಂತರವಿದೆ. ರೈಲು ಓಡುವ ಅವಧಿ ಸುಮಾರು ಇಪ್ಪತ್ತು ಗಂಟೆ, ದಾಖಲೆ ಹದಿನಾರರ ಆಸುಪಾಸು. ನಡುವೆ ಮೂರು ನಾಲ್ಕು ಗಂಟೆ ಬಿಡುವಿದೆ. ಸಮಾಧಾನವಾಗಿ ನಡೆದು ಕೊನೆಯ ರೈಲಿನೊಳಗೆ ಮುಗಿಸಿದವನಿಗೂ ಜಾಲದ ಬಗ್ಗೆ ಕಲಿಯುವುದು ಅಷ್ಟೇ ಸಿಗುತ್ತದೆ.

ದೆಹಲಿಯ ಉದಾಹರಣೆ ಈ ವಾದಕ್ಕೆ ಬಲ ಕೊಡುತ್ತದೆ. 2021ರ ಏಪ್ರಿಲ್‌ನಲ್ಲಿ ಶಶಾಂಕ್ ಮನು ಎಂಬವರು ದೆಹಲಿ ಮೆಟ್ರೊದ 286 ನಿಲ್ದಾಣಗಳನ್ನು 15 ಗಂಟೆ 22 ನಿಮಿಷ 49 ಸೆಕೆಂಡುಗಳಲ್ಲಿ ಮುಗಿಸಿದರು. ಲಂಡನ್ನಿನ 2015ರ ದಾಖಲೆಗಿಂತ 16 ನಿಲ್ದಾಣ ಹೆಚ್ಚು, ಸಮಯ ಮಾತ್ರ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಕಡಿಮೆ. ದೆಹಲಿಯವರ ಕಾಲು ಚುರುಕು ಎಂದು ಇದರ ಅರ್ಥವಲ್ಲ. 1863ರಿಂದ ಬೇರೆ ಬೇರೆ ಕಂಪನಿಗಳು ತಮಗೆ ಬೇಕಾದ ಕಡೆ ಕವಲೊಡೆಸುತ್ತ ಹೋದದ್ದು ಲಂಡನ್ ಜಾಲ. ಅದರಲ್ಲಿ ಮುಂದೆ ದಾರಿಯಿಲ್ಲದ ತುದಿಗಳೇ ಸುಮಾರು ಇಪ್ಪತ್ತು. ದೆಹಲಿಯದು 2002ರಲ್ಲಿ ಓಡಾಟ ಆರಂಭಿಸಿದ, ಬಹುಪಾಲು ಒಂದೇ ಸಂಸ್ಥೆ ಯೋಜಿಸಿ ಕಟ್ಟುತ್ತ ಬಂದ ಜಾಲ. ಅಷ್ಟು ಕವಲುಗಳಿಲ್ಲ, ಹೆಚ್ಚಿನ ತುದಿಗಳಿಗೆ ಅರ್ಧ ಗಂಟೆ ಕಾಯುವ ಕಷ್ಟವೂ ಇಲ್ಲ.

ಹಾಗಾದರೆ ಬೆಂಗಳೂರಿನ ನಮ್ಮ ಮೆಟ್ರೊ? 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ 6 ನಿಲ್ದಾಣಗಳಿಂದ ಶುರುವಾದ ಜಾಲ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದಾಗ 96 ಕಿಲೊಮೀಟರ್, 83 ನಿಲ್ದಾಣಗಳಿಗೆ ಬೆಳೆಯಿತು. ಆ ಜಾಲದ ಲೆಕ್ಕವನ್ನು ಕಾಗದ ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಮಾಡಬಹುದು. ನೇರಳೆ ಮತ್ತು ಹಸಿರು ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ, ಹಳದಿ ಮಾರ್ಗ ಆರ್.ವಿ. ರಸ್ತೆಯಲ್ಲಿ ಹಸಿರಿನಿಂದ ಕವಲೊಡೆಯುತ್ತದೆ. ವರ್ತುಲ ಎಲ್ಲೂ ಇಲ್ಲ, ಇದು ಶುದ್ಧ ಮರ. ತುದಿಗಳು ಐದು: ವೈಟ್‌ಫೀಲ್ಡ್, ಚಲ್ಲಘಟ್ಟ, ಮಾದಾವರ, ರೇಷ್ಮೆ ಸಂಸ್ಥೆ, ಬೊಮ್ಮಸಂದ್ರ. ಪಕ್ಕದ ನಿಲ್ದಾಣಕ್ಕೆ ಹೋಗುವುದನ್ನು ಒಂದು ಹೆಜ್ಜೆ ಎನ್ನೋಣ. 83 ನಿಲ್ದಾಣಗಳ ನಡುವೆ ಇರುವುದು 82 ಹೆಜ್ಜೆ. ಅತಿ ಉದ್ದದ ದಾರಿ ವೈಟ್‌ಫೀಲ್ಡ್‌ನಿಂದ ಬೊಮ್ಮಸಂದ್ರಕ್ಕೆ, 44 ಹೆಜ್ಜೆ. ಅಲ್ಲಿ ಹೊರಟು ಇಲ್ಲಿ ಮುಗಿಸಿದರೆ ಆ 44ನ್ನು ಒಂದೇ ಸಲ ಇಟ್ಟರೆ ಸಾಕು. ಚಲ್ಲಘಟ್ಟದ 14, ಮಾದಾವರದ 16, ರೇಷ್ಮೆ ಸಂಸ್ಥೆಯ 8 ಸೇರಿ 38 ಹೆಜ್ಜೆಗಳನ್ನು ಹೋಗಿ ಬಂದು ಎರಡು ಸಲ ಇಡಬೇಕು. ಒಟ್ಟು 120. ರೈಲಿನಲ್ಲೇ ಸುತ್ತುವುದಾದರೆ ಇದಕ್ಕಿಂತ ಕಡಿಮೆ ಮಾಡಲು ಯಾವ ಜಾಣತನದಿಂದಲೂ ಆಗದು. ಅರ್ಧ ದಿನದ ಕೆಲಸ, ನಿಜ. ಆದರೆ ಹಳದಿ ಮಾರ್ಗ ಶುರುವಾದಾಗ ಅಲ್ಲಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಬೊಮ್ಮಸಂದ್ರ ಆಗ ಬೆಂಗಳೂರಿನ ಚೆಶಮ್ ಆಗಿತ್ತು. ಎಲೆಕ್ಟ್ರಾನಿಕ್ಸ್ ಸಿಟಿಗೆ ದಿನವೂ ಹೋಗುವವರಿಗೆ ಆ 25 ನಿಮಿಷದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗ ಪೂರ್ತಿ ಸೇರಿಕೊಂಡಾಗ ಈ ಮರಕ್ಕೆ ಮೊದಲ ವರ್ತುಲ ಮೂಡುತ್ತದೆ. ಅದು ಎಂ.ಜಿ. ರಸ್ತೆಯಲ್ಲಿ ನೇರಳೆಯನ್ನೂ ಜಯದೇವದಲ್ಲಿ ಹಳದಿಯನ್ನೂ ಮುಟ್ಟುವುದರಿಂದ ಮೆಜೆಸ್ಟಿಕ್, ಎಂ.ಜಿ. ರಸ್ತೆ, ಜಯದೇವ, ಆರ್.ವಿ. ರಸ್ತೆ ಒಂದು ಸುತ್ತಾಗಿ ಬೆಸೆದುಕೊಳ್ಳುತ್ತವೆ. ಬೊಮ್ಮಸಂದ್ರದಿಂದ ವೈಟ್‌ಫೀಲ್ಡ್‌ಗೆ ಹೋಗುವವರಿಗೆ ಮೆಜೆಸ್ಟಿಕ್‌ಗೆ ಬಂದೇ ಹೋಗಬೇಕೆಂಬ ಕಟ್ಟು ತಪ್ಪುತ್ತದೆ. ದಾರಿಯಲ್ಲಿ ಆಯ್ಕೆ ಎಂಬುದು ಮೊದಲ ಸಲ ಹುಟ್ಟುತ್ತದೆ. ಆದರೆ ಪೆನ್ಸಿಲ್ಲನ್ನು ನೈಋತ್ಯದ ಕಡೆಗೂ ಒಮ್ಮೆ ಓಡಿಸಿ ನೋಡಬೇಕು. ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ, ಮೈಸೂರು ರಸ್ತೆಯ ಚಲ್ಲಘಟ್ಟ ಎರಡೂ ಊರಿನ ಅದೇ ಅಂಚಿನಲ್ಲಿವೆ. ಮೆಟ್ರೊದಲ್ಲಿ ಒಂದರಿಂದ ಇನ್ನೊಂದಕ್ಕೆ ಮೆಜೆಸ್ಟಿಕ್‌ವರೆಗೆ 15, ಅಲ್ಲಿಂದ 14, ಒಟ್ಟು 29 ಹೆಜ್ಜೆ. ಗುಲಾಬಿ ಮಾರ್ಗ ಬಂದ ಮೇಲೂ ಅದು 29 ಆಗಿಯೇ ಇರುತ್ತದೆ.